ಅಣೆಕಟ್ಟನ್ನು ಚೌಕಗಳಾಗಿ ಕತ್ತರಿಸಿದವನು ಯುದ್ಧದ ಲೆಕ್ಕಕ್ಕೆ ಕೂತ

ಇಂಜಿನಿಯರಿಂಗ್ ಮುಗಿಸಿ, ಪತ್ರಿಕೆ ಕೆಲಸಕ್ಕೆ ಬರುವ ಮುಂಚೆ ನಾನು ಎರಡು ವರ್ಷ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೆಶ್ ಹಾಕುತ್ತಿದ್ದೆ. ಇದೇನು ಕೆಲಸ ಅಂತ ಮನೆಯವರಿಗೆ ಹೇಳೋಕೆ ಹೋದಾಗೆಲ್ಲ ಸೋತಿದ್ದೇನೆ, ನಿಮಗೂ ಒಂದು ಸಲ ಹೇಳಿ ನೋಡ್ತೀನಿ. ಒಂದು ಲೋಹದ ಭಾಗದ ಮೇಲೆ ಭಾರ ಬಿದ್ದರೆ ಅದು ಎಲ್ಲಿ ಬಾಗುತ್ತೆ, ಎಲ್ಲಿ ಬಿರುಕು ಬಿಡುತ್ತೆ ಅಂತ ಮೊದಲೇ ತಿಳಿಯಬೇಕು. ಅಂಕುಡೊಂಕಾದ ಇಡೀ ಭಾಗಕ್ಕೆ ಒಂದೇ ಸೂತ್ರ ಹಾಕಿ ಉತ್ತರ ತೆಗೆಯೋಕೆ ಆಗಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಅದನ್ನು ಸಾವಿರಾರು ಪುಟ್ಟ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡೂ ಪಕ್ಕದ್ದನ್ನು ಎಷ್ಟು ಎಳೆಯುತ್ತೆ, ಎಷ್ಟು ತಳ್ಳುತ್ತೆ ಅಂತ ಲೆಕ್ಕ ಹಾಕಿಸುತ್ತೇವೆ. ಹಾಗೆ ಕತ್ತರಿಸಿದ ಬಲೆಯೇ ಮೆಶ್.

ಒಮ್ಮೆ ಒಂದು ಬ್ರಾಕೆಟ್ ಬಂತು. ಡ್ರಾಯಿಂಗಿನಲ್ಲಿ ಗಿರಾಕಿಯ ಹೆಸರಿರಲಿಲ್ಲ, ಕೋಡ್ ಮಾತ್ರ ಇತ್ತು. ಇದು ಯಾವುದರ ಭಾಗ ಅಂತ ಕೇಳಿದೆ. ಅದು ನಿನಗೆ ಬೇಡ, ಮೆಶ್ ಸರಿ ಇದೆಯಾ ನೋಡಿಕೋ ಅನ್ನುವ ಅರ್ಥದ ಉತ್ತರ ಬಂತು. ಅದು ತಡೆಯಬೇಕಾದ ಜರ್ಕಿನ ಅಂಕಿ ನೋಡಿದರೆ ಕಾರಿನದ್ದಲ್ಲ, ಲಾರಿಯದ್ದೂ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಎರಡನೇ ಸಲ ಕೇಳಲಿಲ್ಲ. ಮೆಶ್ ಚೆನ್ನಾಗಿ ಬಂದಿತ್ತು, ಆ ತಿಂಗಳ ಸಂಬಳವೂ ಸರಿಯಾದ ದಿನಕ್ಕೆ ಬಂತು.

ಈ ಬಲೆಯ ಹುಟ್ಟನ್ನು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ ಮನುಷ್ಯ ಲೂಯಿಸ್ ಫ್ರೈ ರಿಚರ್ಡ್‌ಸನ್. ಹವಾಮಾನ ಶಾಸ್ತ್ರ ಓದಿದವರಿಗೆ ಈ ಹೆಸರು ಗೊತ್ತು, ಶಾಂತಿ ಅಧ್ಯಯನ ಮಾಡುವವರಿಗೂ ಗೊತ್ತು. ಆದರೆ ಆತನ ಮೊದಲ ದೊಡ್ಡ ಕೆಲಸ ಇದ್ದಿದ್ದು ಗಾಳಿ ಮಳೆಯ ಬಗ್ಗೆ ಅಲ್ಲ, ಕಲ್ಲಿನ ಅಣೆಕಟ್ಟಿನ ಬಗ್ಗೆ.

ಹುಟ್ಟಿದ್ದು 1881ರಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. ಅಪ್ಪನದು ಚರ್ಮ ಹದ ಮಾಡುವ ಉದ್ಯಮ. ಮನೆಯವರು ಕ್ವೇಕರ್ ಪಂಥದವರು, ಅಂದರೆ ಯಾವ ಕಾರಣಕ್ಕೂ ಯುದ್ಧ ಕೂಡದು ಅಂತ ನಂಬಿದ್ದ ಕ್ರೈಸ್ತರು. ಹುಡುಗ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ವಿಜ್ಞಾನ ಓದಿ 1903ರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದ. ಆಮೇಲೆ ಹತ್ತು ವರ್ಷ ಒಂದು ಕಡೆ ನಿಂತವನಲ್ಲ. ರಾಷ್ಟ್ರೀಯ ಭೌತಿಕ ಪ್ರಯೋಗಾಲಯ, ವೇಲ್ಸ್‌ನ ಒಂದು ಕಾಲೇಜು, ಪೀಟ್ ಕಂಪನಿ, ಬಲ್ಬಿನ ಕಂಪನಿ. ಈಗಿನ ಕಾಲದಲ್ಲಿ ಇಂಥ ರೆಸ್ಯೂಮೆ ತೋರಿಸಿದರೆ ಎಚ್‌ಆರ್‌ನವರು ಹುಬ್ಬು ಗಂಟಿಕ್ಕುತ್ತಾರೆ.

ಪೀಟ್ ಕಂಪನಿಯಲ್ಲೇ ಆತನ ತಲೆಯಲ್ಲಿ ಹುಳ ಬಿದ್ದಿದ್ದು. ಪೀಟ್ ಅಂದರೆ ಕೊಳೆತ ಸಸ್ಯಗಳಿಂದಾದ ಜೌಗು ಮಣ್ಣು, ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ಒಣಗಬೇಕಾದರೆ ನೀರು ಬಸಿಯಬೇಕು, ಬಸಿಯಲು ಕಾಲುವೆ ತೋಡಬೇಕು. ಎಲ್ಲಿ, ಎಷ್ಟು ದೂರಕ್ಕೊಂದು? ನೀರು ಹರಿಯುವ ಸಮೀಕರಣ ಪುಸ್ತಕದಲ್ಲಿತ್ತು, ಆದರೆ ಆ ಅಡ್ಡಾದಿಡ್ಡಿ ನೆಲಕ್ಕೆ ಅದನ್ನು ಬಿಡಿಸುವ ದಾರಿ ಇರಲಿಲ್ಲ. ಗಣಿತಜ್ಞರು ವೃತ್ತ, ಚೌಕದಂಥ ಚೆಂದದ ಆಕಾರಗಳಿಗೆ ಮಾತ್ರ ಉತ್ತರ ಬರೆದಿಟ್ಟಿದ್ದರು. ಸರಿಸುಮಾರು ಉತ್ತರವೇ ಸಾಕು, ಆದರೆ ಅದು ಎಷ್ಟು ಸರಿಸುಮಾರು ಅಂತ ಹೇಳಲು ಬರಬೇಕು ಅನ್ನುವುದು ರಿಚರ್ಡ್‌ಸನ್‌ನ ಪಟ್ಟು.

ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಕಲ್ಲಿನ ಅಣೆಕಟ್ಟುಗಳ ಬಗ್ಗೆ ಜೋರು ಚರ್ಚೆ ನಡೆದಿತ್ತು. ಇಂಜಿನಿಯರುಗಳು ಅಣೆಕಟ್ಟನ್ನು ಅಡ್ಡಡ್ಡ ಸೀಳಿದಂತೆ ಕಲ್ಪಿಸಿಕೊಂಡು, ಆ ಪದರಗಳ ಮೇಲೆ ಎಳೆತ ಇಲ್ಲದಿದ್ದರೆ ಸಾಕು ಅನ್ನುತ್ತಿದ್ದರು. ಕಲ್ಲುಗಾರೆ ತುಳಿತವನ್ನು ತಡೆದುಕೊಳ್ಳುತ್ತೆ, ಎಳೆದರೆ ಬಿರುಕು ಬಿಡುತ್ತೆ. ಸಂಖ್ಯಾಶಾಸ್ತ್ರದ ದೊಡ್ಡ ಹೆಸರು ಕಾರ್ಲ್ ಪಿಯರ್ಸನ್ ಮತ್ತು ಆತನ ಜೊತೆಗಾರ 1904ರಲ್ಲಿ, ಉದ್ದುದ್ದ ಸೀಳಿ ನೋಡಿದರೂ ಎಳೆತ ಕಾಣಬಹುದು, ಅದನ್ನು ನೀವು ನೋಡೇ ಇಲ್ಲ ಅಂತ ತಕರಾರು ತೆಗೆದರು. ಈಜಿಪ್ಟಿನಲ್ಲಿ ಆಸ್ವಾನ್ ಅಣೆಕಟ್ಟನ್ನು ಇನ್ನೂ ಎತ್ತರಿಸುವ ಯೋಜನೆ ಇದ್ದ ಹೊತ್ತು ಅದು.

ರಿಚರ್ಡ್‌ಸನ್ ಅಣೆಕಟ್ಟಿನ ಸೀಳುನೋಟವನ್ನು ಗ್ರಾಫ್ ಹಾಳೆಯಂತೆ ಚೌಕಗಳಾಗಿ ಕತ್ತರಿಸಿದ. ಸರಳ ರೂಪದಲ್ಲಿ ಹೇಳ್ತೀನಿ. ಒಂದು ಲೋಹದ ತಗಡಿನ ಅಂಚುಗಳಲ್ಲಿ ಶಾಖ ಎಷ್ಟಿದೆ ಅಂತ ಗೊತ್ತು, ನಡುವೆ ಎಷ್ಟು ಅಂತ ಗೊತ್ತಿಲ್ಲ ಅಂದುಕೊಳ್ಳಿ. ತಗಡಿನ ಮೇಲೆ ಚೌಕ ಬರೆದು, ಒಂದೊಂದು ಚುಕ್ಕಿಯಲ್ಲೂ ಬಾಯಿಗೆ ಬಂದ ಒಂದು ಸಂಖ್ಯೆ ಬರೆಯಿರಿ. ಈಗ ಪ್ರತಿ ಚುಕ್ಕಿಯೂ ತನ್ನ ನಾಲ್ಕು ನೆರೆಹೊರೆಯವರ ಸರಾಸರಿ ಆಗಬೇಕು. ಆಗಿರುವುದಿಲ್ಲ. ಎಷ್ಟು ತಪ್ಪಿದೆ ನೋಡಿ, ತಿದ್ದಿ, ಮತ್ತೆ ನೋಡಿ, ಮತ್ತೆ ತಿದ್ದಿ. ತಿದ್ದುತ್ತಾ ಹೋದಂತೆ ಸಂಖ್ಯೆಗಳು ನಿಧಾನಕ್ಕೆ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಅಣೆಕಟ್ಟಿನ ಒಳಗಿನ ಒತ್ತಡದ ಸಮೀಕರಣ ಇದಕ್ಕಿಂತ ಒಂದು ಕೈ ಮೇಲು, ಈ ಲೆಕ್ಕವನ್ನು ಒಂದರ ಮೇಲೊಂದರಂತೆ ಎರಡು ಸಲ ಮಾಡಬೇಕು.

ಯಂತ್ರವಿಲ್ಲದ ಕಾಲದಲ್ಲಿ ಈ ತಿದ್ದುವ ಕೆಲಸ ಮಾಡಿದ್ದು ಹುಡುಗರು. ಕೂಲಿ ಎಷ್ಟು ಅಂತ ರಿಚರ್ಡ್‌ಸನ್ ರಾಯಲ್ ಸೊಸೈಟಿಯ ಪ್ರಬಂಧದಲ್ಲೇ ಬರೆದಿಟ್ಟಿದ್ದಾನೆ. ಒಂದು ಚುಕ್ಕಿಯ ಲೆಕ್ಕಕ್ಕೆ, ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದನ್ನು 18ರಿಂದ ಭಾಗಿಸಿದಷ್ಟು ಪೆನ್ನಿ. ಮೂರಂಕಿಯ ಸಂಖ್ಯೆಯಾದರೆ ಒಂದು ಪೆನ್ನಿಯ ಆರನೇ ಒಂದು ಭಾಗ. ಚುರುಕಾದ ಒಬ್ಬ ಹುಡುಗ ವಾರಕ್ಕೆ ಸುಮಾರು 2,000 ಲೆಕ್ಕ ಮುಗಿಸುತ್ತಿದ್ದನಂತೆ, ತಪ್ಪಿದವನ್ನು ಎಣಿಕೆಗೆ ಹಿಡಿದಿಲ್ಲ. ಕೂಡುವ ಕಳೆಯುವ ಚಿಹ್ನೆ ಬೆರೆತಾಗ ಅವರಿಗೆ ಕಷ್ಟವಾಗುತ್ತಿತ್ತು ಅನ್ನುವುದನ್ನೂ ದಾಖಲಿಸಿದ್ದಾನೆ. ಪೀಸ್ ರೇಟು, ತಪ್ಪಾದರೆ ಕಾಸಿಲ್ಲ. ಡೆಲಿವರಿ ಆ್ಯಪ್‌ಗಳ ಬಗ್ಗೆ ಬರೆದು ಬರೆದು ಕೈ ಪಳಗಿದ ನನಗೆ ಇಲ್ಲಿ ತಕ್ಷಣ ಸಿಟ್ಟು ಬಂತು. ಆದರೂ ಒಂದು ಮಾತು ಹೇಳಬೇಕು. ಗಣಿತದ ಪ್ರಬಂಧದಲ್ಲಿ ಕೂಲಿಯ ದರ ಬರೆದವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ. ಲೆಕ್ಕ ತಾನಾಗಿ ಆಗೋದಿಲ್ಲ, ಯಾರೋ ಕೂತು ಮಾಡುತ್ತಾರೆ ಅನ್ನೋದನ್ನು ಆತ ಮುಚ್ಚಿಡಲಿಲ್ಲ.

ಆ ಪ್ರಬಂಧದ ಇನ್ನೊಂದು ಕಾಣಿಕೆಯನ್ನು ನಾನೂ ಕಂಪನಿಯಲ್ಲಿ ದಿನಾ ಬಳಸುತ್ತಿದ್ದೆ, ಯಾರದ್ದು ಅಂತ ತಿಳಿಯದೆ. ದೊಡ್ಡ ಚೌಕದಲ್ಲಿ ಒಂದು ಸಲ, ಅದರ ಅರ್ಧದಷ್ಟು ಅಗಲದ ಚೌಕದಲ್ಲಿ ಇನ್ನೊಂದು ಸಲ ಲೆಕ್ಕ ಮಾಡಿ. ಚೌಕದ ಅಗಲ ಅರ್ಧವಾದರೆ ತಪ್ಪು ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತೆ. ಹಾಗಾಗಿ ಮೊದಲ ಸಲ 96, ಎರಡನೇ ಸಲ 99 ಬಂದರೆ ನಿಜವಾದ ಉತ್ತರ 100ರ ಹತ್ತಿರ ಇದೆ ಅಂತ ಊಹಿಸಬಹುದು. ಎರಡು ತಪ್ಪು ಉತ್ತರಗಳಿಂದ ಸರಿಯಾದದ್ದರ ಹತ್ತಿರ ಹೋಗುವ ಉಪಾಯ ಇದು. ಇವತ್ತು ಸೇತುವೆ, ವಿಮಾನದ ರೆಕ್ಕೆ, ಯಾವುದರ ಲೆಕ್ಕವನ್ನಾದರೂ ನಂಬಬಹುದೋ ಇಲ್ಲವೋ ಅಂತ ಪರೀಕ್ಷಿಸುವಾಗ ಇದೇ ರಿಚರ್ಡ್‌ಸನ್ ವಿಧಾನ ಬರುತ್ತದೆ.

ಪ್ರಬಂಧ ಅಚ್ಚಾಗಿದ್ದು 1911ರಲ್ಲಿ. ಅದೇ ವರ್ಷ ನಮ್ಮ ಕನ್ನಂಬಾಡಿಯಲ್ಲೂ ಕಲ್ಲಿನ ಅಣೆಕಟ್ಟಿನ ಕೆಲಸ ಶುರುವಾಯಿತು. ನೂರಹತ್ತು ವರ್ಷದ ಮೇಲೆ, 2021ರಲ್ಲಿ, ಆ ಕೆಆರ್‌ಎಸ್‌ನಲ್ಲಿ ಬಿರುಕಿದೆ, ಇಲ್ಲ ಅಂತ ನಮ್ಮ ರಾಜಕಾರಣಿಗಳು ವಾರಗಟ್ಟಲೆ ಕಿತ್ತಾಡಿದ್ದು ನಿಮಗೆ ನೆನಪಿರಬಹುದು. ಆಗ ಟಿವಿಯಲ್ಲಿ ಕಂಡಿದ್ದೆಲ್ಲ ಮುಖಗಳು. ಎಲ್ಲಿ ಎಳೆತ ಎಷ್ಟಿದೆ, ಆ ಲೆಕ್ಕ ಎಷ್ಟು ನಂಬಿಕೆಗೆ ಅರ್ಹ ಅಂತ ಒಂದು ಚರ್ಚೆಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ಈ ಕೆಲಸ ತೋರಿಸಿ ರಿಚರ್ಡ್‌ಸನ್ ತನ್ನ ಹಳೆಯ ಕಾಲೇಜಿನ ಫೆಲೋಶಿಪ್‌ಗೆ ಅರ್ಜಿ ಹಾಕಿದ. ಸಿಗಲಿಲ್ಲ. 1909ರಲ್ಲಿ ಡೊರೊಥಿ ಗಾರ್ನೆಟ್ ಜೊತೆ ಮದುವೆಯಾಗಿತ್ತು. 1912ರಲ್ಲಿ ಟೈಟಾನಿಕ್ ಮುಳುಗಿದ ಕೂಡಲೇ, ಶಬ್ದದ ಪ್ರತಿಧ್ವನಿಯಿಂದ ಹಿಮಗಡ್ಡೆ ಪತ್ತೆ ಹಚ್ಚುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ. 1913ರಲ್ಲಿ ಹವಾಮಾನ ಇಲಾಖೆ ಸೇರಿ, ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ಮಳೆ ಸುರಿಯುವ ಒಂಟಿ ಜಾಗದ ವೀಕ್ಷಣಾಲಯಕ್ಕೆ ಮುಖ್ಯಸ್ಥನಾಗಿ ಹೋದ. ಅಣೆಕಟ್ಟನ್ನು ಚೌಕ ಮಾಡಿದವನಿಗೆ ಆಕಾಶವನ್ನೂ ಚೌಕ ಮಾಡಬಹುದಲ್ಲ ಅನಿಸಿತು. ಒಂದೊಂದು ಚೌಕದ ಗಾಳಿ, ಒತ್ತಡ, ತೇವ ಗೊತ್ತಿದ್ದರೆ ನಾಳೆಯ ಹವಾಮಾನವನ್ನು ಲೆಕ್ಕದಿಂದಲೇ ಹೇಳಬಹುದು.

ಅಷ್ಟರಲ್ಲಿ ಮಹಾಯುದ್ಧ. ಕೊಲ್ಲುವುದರ ಬಗ್ಗೆ ತೀವ್ರ ವಿರೋಧ, ಜೊತೆಗೆ ಯುದ್ಧವನ್ನು ಹತ್ತಿರದಿಂದ ನೋಡಬೇಕೆಂಬ ತೀವ್ರ ಕುತೂಹಲ, ಎರಡೂ ತನ್ನೊಳಗೆ ಇದ್ದವು ಅಂತ ಆತ ಆಮೇಲೆ ಒಪ್ಪಿಕೊಂಡಿದ್ದಾನೆ. ಇಂಥ ಪ್ರಾಮಾಣಿಕತೆ ಶಾಂತಿವಾದಿಗಳ ಜೀವನಚರಿತ್ರೆಗಳಲ್ಲಿ ಸಿಗೋದು ಕಡಿಮೆ. ಇಲಾಖೆ ರಜೆ ಕೊಡಲಿಲ್ಲ. 1916ರಲ್ಲಿ ರಾಜೀನಾಮೆ ಕೊಟ್ಟು ಕ್ವೇಕರುಗಳ ಆಂಬ್ಯುಲೆನ್ಸ್ ದಳ ಸೇರಿ ಫ್ರಾನ್ಸಿಗೆ ಹೋದ. ಅಲ್ಲಿ ಫ್ರೆಂಚ್ ಪದಾತಿ ದಳದ ಗಾಯಾಳುಗಳನ್ನು ಹೊತ್ತು ತರುವ ಗಾಡಿಯ ಡ್ರೈವರ್.

ಗಾಡಿ ಓಡಿಸದ ಹೊತ್ತಿನಲ್ಲಿ, ಹುಲ್ಲಿನ ರಾಶಿಯನ್ನೇ ಮೇಜು ಮಾಡಿಕೊಂಡು ಆತ ಹವಾಮಾನದ ಲೆಕ್ಕ ಮಾಡಿದ. 1910ರ ಮೇ 20ರ ದಿನದ ಅಂಕಿಗಳನ್ನು ತೆಗೆದುಕೊಂಡು, ಜರ್ಮನಿಯ ಮೇಲೆ ಆರು ಗಂಟೆಗಳಲ್ಲಿ ವಾಯುಭಾರ ಎಷ್ಟು ಬದಲಾಗಬೇಕು ಅಂತ. ಬಂದ ಉತ್ತರ 145 ಮಿಲಿಬಾರ್ ಏರಿಕೆ. ನಿಜದಲ್ಲಿ ಆ ದಿನ ಹೆಚ್ಚುಕಮ್ಮಿ ಏನೂ ಬದಲಾಗಿರಲಿಲ್ಲ. ಹೀನಾಯ ಸೋಲು. 1917ರಲ್ಲಿ ಹಸ್ತಪ್ರತಿಯೂ ಕಳೆದುಹೋಗಿ, ತಿಂಗಳುಗಳ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲಿನ ರಾಶಿಯಡಿ ಸಿಕ್ಕಿತು. 1922ರಲ್ಲಿ ಪುಸ್ತಕ ಬಂದಾಗ ಆತ ಆ ತಪ್ಪು ಉತ್ತರವನ್ನು ಹಾಗೇ ಅಚ್ಚು ಹಾಕಿಸಿದ. ಜಗತ್ತಿನ ಹವಾಮಾನ ಲೆಕ್ಕ ಹಾಕಲು 64,000 ಮಂದಿ ಒಂದು ದೊಡ್ಡ ಸಭಾಂಗಣದಲ್ಲಿ ಕೂತಂತೆ ಕಲ್ಪನೆಯನ್ನೂ ಮಾಡಿದ್ದ. ವಿಧಾನ ಸರಿ ಇತ್ತು, ಶುರುವಿನ ಅಂಕಿಗಳ ಸಣ್ಣ ಏರುಪೇರು ಲೆಕ್ಕವನ್ನು ಕೆಡಿಸಿತ್ತು ಅಂತ ಬಹಳ ಕಾಲದ ನಂತರ ಗೊತ್ತಾಯಿತು. ಇವತ್ತು ನಿಮ್ಮ ಫೋನಿನಲ್ಲಿ ಬರುವ ಮಳೆ ಮುನ್ಸೂಚನೆಯ ಅಜ್ಜ ಆ ಸೋತ ಲೆಕ್ಕ.

ಯುದ್ಧ ಮುಗಿದ ಮೇಲೆ ಮತ್ತೆ ಹವಾಮಾನ ಇಲಾಖೆ ಸೇರಿದ. 1920ರಲ್ಲಿ ಸರ್ಕಾರ ಆ ಇಲಾಖೆಯನ್ನು ವಾಯುಪಡೆಯ ಸಚಿವಾಲಯದ ಕೆಳಗೆ ತಂದಿತು. ರಿಚರ್ಡ್‌ಸನ್ ಎದ್ದು ಹೊರಬಂದ. ಅಲ್ಲಿ ಆತನಿಗೆ ಯಾರೂ ಬಾಂಬ್ ಮಾಡು ಅಂತ ಹೇಳಿರಲಿಲ್ಲ ಅನ್ನುವುದನ್ನು ಗಮನಿಸಿ. ಕೆಲಸ ಅದೇ, ಬೋರ್ಡು ಮಾತ್ರ ಬದಲಾಗಿತ್ತು. ನಮ್ಮಲ್ಲಿ ಬಹುತೇಕರು ಆ ಬೋರ್ಡಿನ ಕೆಳಗೇ ಪಿಂಚಣಿವರೆಗೆ ಇದ್ದುಬಿಡುತ್ತೇವೆ. ಆತ ಲಂಡನ್ನಿನ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡಲು ಹೋದ.

ಗಾಳಿಯಲ್ಲಿ ಹೊಗೆ, ಧೂಳು ಹೇಗೆ ಚದುರುತ್ತೆ ಅನ್ನುವುದರ ಮೇಲೆ ಆಮೇಲೂ ಸಂಶೋಧನೆ ನಡೆಸಿದ. 1926ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. ಈ ಸಂಶೋಧನೆಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಆಸಕ್ತಿ ತೋರಿದವರು ವಿಷಾನಿಲದ ತಜ್ಞರು ಅಂತ ತಿಳಿದ ದಿನ ಮನೆಯಲ್ಲಿ ಎಂಥ ಸಂಕಟ ಇತ್ತು ಅನ್ನುವುದನ್ನು ಡೊರೊಥಿ ನೆನಪು ಮಾಡಿಕೊಂಡಿದ್ದಾರೆ. ಅಚ್ಚಾಗದೆ ಉಳಿದಿದ್ದ ಕೆಲಸವನ್ನು ಆತ ನಾಶಮಾಡಿದ, ಆ ದಾರಿಯನ್ನೇ ಬಿಟ್ಟ.

ಈ ಜಾಗಕ್ಕೆ ಬಂದಾಗೆಲ್ಲ ನನಗೆ ಆ ಬ್ರಾಕೆಟ್ ನೆನಪಾಗುತ್ತದೆ. ಆತ ನನಗಿಂತ ದೊಡ್ಡವನು ಅಂತ ಹೇಳಿ ಮುಗಿಸುವುದು ಸುಲಭ. ಅದು ನಿಜವೂ ಹೌದು. ಆದರೆ ಆತನಿಗೆ ಬೇರೆ ಕೆಲಸ ಸಿಗುತ್ತಿತ್ತು, ಬೆನ್ನಿಗೆ ನಿಂತ ಒಂದು ಸಮುದಾಯವಿತ್ತು, ನಾಲ್ಕು ಜನರ ಮನೆ ಬಾಡಿಗೆ ಕಟ್ಟುವ ಮೊದಲ ತಲೆಮಾರಿನ ಇಂಜಿನಿಯರ್ ಆಗಿರಲಿಲ್ಲ. ಇದನ್ನು ನನ್ನ ಪರವಾಗಿ ವಾದಕ್ಕೆ ಹೇಳುತ್ತಿಲ್ಲ. ನಾನು ಕೇಳಬಹುದಿತ್ತು, ಕೇಳಿದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆದಿದ್ದು ಅಲ್ಲಿ ನಾನು ನೋಡಿರಲಿಲ್ಲ.

ಇನ್ನೊಂದು ಕಡೆ, ಬಿಟ್ಟು ಬಂದರೆ ವಿಧಾನ ನಿಲ್ಲುವುದಿಲ್ಲ. ಚೌಕದ ಬದಲು ಬೇಕಾದ ಆಕಾರದ ತುಂಡುಗಳನ್ನು ಬಳಸುವ ಫೈನೈಟ್ ಎಲಿಮೆಂಟ್ ವಿಧಾನ 1950ರ ದಶಕದಲ್ಲಿ ವಿಮಾನ ಕಂಪನಿಗಳ ಮಡಿಲಲ್ಲೇ ಬೆಳೆಯಿತು. ಡಿಕ್ಕಿಯಲ್ಲಿ ಲೋಹ ಹೇಗೆ ನುಜ್ಜುಗುಜ್ಜಾಗುತ್ತೆ ಅಂತ ಹೇಳುವ ಹೆಸರಾಂತ ಪ್ರೋಗ್ರಾಮ್ ಡೈನಾ ತ್ರೀ ಡಿ, 1976ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಕಾರಿಗಾಗಿ ಅಲ್ಲ. ಕೆಳಮಟ್ಟದಲ್ಲಿ ಹಾರುವ ವಿಮಾನದಿಂದ ಬೀಳಿಸಿದ ಅಣುಬಾಂಬ್ ನೆಲಕ್ಕೆ ಅಪ್ಪಳಿಸಿದಾಗ ಏನಾಗುತ್ತೆ ಅಂತ ತಿಳಿಯಲು. ಅದರ ಸಂತತಿಯ ಪ್ರೋಗ್ರಾಮುಗಳಲ್ಲೇ ಇವತ್ತು ಕಾರು ಕಂಪನಿಗಳು ಅಪಘಾತದ ಪರೀಕ್ಷೆ ಮಾಡಿ ಜೀವ ಉಳಿಸುತ್ತಿವೆ. ಎರಡೂ ಅದೇ ಬಲೆ. ಮೆಶ್ ನೋಡಿ ಇದು ಯಾವುದಕ್ಕೆ ಅಂತ ಹೇಳಲಾಗದು.

ರಿಚರ್ಡ್‌ಸನ್ ಮಾಡಿದ್ದು ಬಿಟ್ಟು ಬರುವುದಷ್ಟೇ ಅಲ್ಲ. ತನ್ನ ಲೆಕ್ಕವನ್ನು ಯುದ್ಧದ ಮೇಲೆಯೇ ತಿರುಗಿಸಿದ. ಆಂಬ್ಯುಲೆನ್ಸ್ ದಿನಗಳಲ್ಲೇ ಯುದ್ಧದ ಮನಶ್ಶಾಸ್ತ್ರಕ್ಕೆ ಗಣಿತ ಬರೆದು, 1919ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಗಾಡಿ ಓಡಿಸಿದ ಸಂಗಾತಿಗಳಿಗೆ ಅರ್ಪಿಸಿದ್ದ. ನಡುವಯಸ್ಸಿನಲ್ಲಿ ಪರೀಕ್ಷೆಗೆ ಕೂತು ಮನಶ್ಶಾಸ್ತ್ರದ ಪದವಿಯನ್ನೂ ಪಡೆದ. 1929ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯ ತಾಂತ್ರಿಕ ಕಾಲೇಜಿಗೆ ಪ್ರಾಂಶುಪಾಲ. 1940ರಲ್ಲಿ, ಇನ್ನೊಂದು ಮಹಾಯುದ್ಧ ನಡೆಯುತ್ತಿದ್ದಾಗ, ನಿವೃತ್ತಿ ಪಡೆದು ಪೂರ್ತಿ ಇದಕ್ಕೇ ಕೂತ.

ಆತನ ಶಸ್ತ್ರಪೈಪೋಟಿಯ ಸಮೀಕರಣ ಹೀಗೆ. ಎದುರಿನ ದೇಶದ ಬಳಿ ಎಷ್ಟು ಆಯುಧ ಇದೆಯೋ ಅದಕ್ಕೆ ತಕ್ಕಂತೆ ನಾವು ಹೆಚ್ಚಿಸುತ್ತೇವೆ, ಖರ್ಚಿನ ಭಾರಕ್ಕೆ ತಕ್ಕಂತೆ ತಗ್ಗಿಸುತ್ತೇವೆ, ಹಳೆಯ ಸೇಡು ಇದ್ದರೆ ಅದೊಂದಿಷ್ಟು ಸೇರುತ್ತೆ. ಆ ಕಡೆಯವರೂ ಹಾಗೇ. ಭಯ ದಣಿವಿಗಿಂತ ಹೆಚ್ಚಾದರೆ ಎರಡೂ ಕಡೆ ಏರಿಕೆಗೆ ಕೊನೆಯೇ ಇಲ್ಲ. 1909ರಿಂದ 1913ರವರೆಗೆ ಯುರೋಪಿನ ಎರಡು ಬಣಗಳ ಖರ್ಚು ಈ ಗೆರೆಗೆ ಅಚ್ಚರಿಯಾಗುವಷ್ಟು ಹೊಂದಿತು. ಇಲ್ಲಿ ಆಯುಧ ಮಾರುವವರು ಎಲ್ಲಿ, ಚುನಾವಣೆಗೆ ಮುಂಚೆ ಗಡಿಯ ಮಾತೆತ್ತುವ ನಾಯಕರು ಎಲ್ಲಿ ಅಂತ ನೀವು ಕೇಳಬಹುದು. ನನ್ನ ತಕರಾರೂ ಅದೇ. ಈ ಸಮೀಕರಣದಲ್ಲಿ ದೇಶಗಳು ಎರಡು ಕಲ್ಲುಗಳ ಹಾಗೆ ಒಂದನ್ನೊಂದು ತಳ್ಳುತ್ತವೆ. ಆದರೆ ರಿಚರ್ಡ್‌ಸನ್ ಕೊಟ್ಟ ಉತ್ತರವೂ ಇದೆ. ಜನ ನಿಂತು ಯೋಚಿಸದೇ ಹೋದರೆ ಏನಾಗುತ್ತೆ ಅನ್ನುವುದನ್ನಷ್ಟೇ ಇದು ಹೇಳುತ್ತದೆ, ಹಾಗೇ ಆಗಬೇಕು ಅಂತ ಅಲ್ಲ.

ಸುಮಾರು 1820ರಿಂದ ತನ್ನ ಕಾಲದವರೆಗಿನ ಜಗಳಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ. ಒಂದು ಕೊಲೆಯಿಂದ ಹಿಡಿದು ಮಹಾಯುದ್ಧದವರೆಗೆ ಎಲ್ಲಕ್ಕೂ ಒಂದೇ ಅಳತೆಗೋಲು, ಭೂಕಂಪಕ್ಕೆ ಇರುವಂಥದ್ದು. ಸತ್ತವರು ಹತ್ತುಪಟ್ಟಾದರೆ ಅಳತೆ ಒಂದು ಮೆಟ್ಟಿಲು ಏರುತ್ತದೆ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎರಡೇ ಎರಡು ಮಹಾಯುದ್ಧಗಳಿಗೆ ಸೇರಿದವರು. ಯುದ್ಧಗಳು ಶುರುವಾಗುವ ಕಾಲಕ್ಕೆ ಯಾವ ಲಯವೂ ಕಾಣಲಿಲ್ಲ, ಜಗತ್ತು ನಾಗರಿಕವಾಗುತ್ತಾ ಕಮ್ಮಿಯಾಗುತ್ತಿದೆ ಅನ್ನಲೂ ಆಧಾರ ಸಿಗಲಿಲ್ಲ. ಎರಡು ಜನಗಳ ಭಾಷೆ ಒಂದೇ ಆದರೆ ಜಗಳ ಕಮ್ಮಿ ಅನ್ನುವುದೂ ನಿಲ್ಲಲಿಲ್ಲ. ಒಂದು ಮಾತ್ರ ಗಟ್ಟಿಯಾಗಿ ನಿಂತಿತು. ಹೆಚ್ಚು ನೆರೆಹೊರೆ ಇದ್ದ ದೇಶ ಹೆಚ್ಚು ಯುದ್ಧ ಮಾಡಿತ್ತು.

ಹಾಗಾದರೆ ಗಡಿಯ ಉದ್ದ ಅಳೆಯಬೇಕಲ್ಲ. ಪುಸ್ತಕಗಳಲ್ಲಿ ನೋಡಿದ. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಗಡಿ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ನಡುವೆ 380 ಮತ್ತು 449. ಯಾರೂ ಸುಳ್ಳು ಹೇಳಿರಲಿಲ್ಲ. ನಕ್ಷೆಯ ಮೇಲೆ ಕೈವಾರ ಇಟ್ಟು ನಡೆಸುವಾಗ ದೊಡ್ಡ ಹೆಜ್ಜೆ ಹಾಕಿದರೆ ಸಣ್ಣ ಡೊಂಕುಗಳು ತಪ್ಪಿಹೋಗುತ್ತವೆ, ಹೆಜ್ಜೆ ಚಿಕ್ಕದಾದಷ್ಟೂ ಗಡಿ ಉದ್ದವಾಗುತ್ತಾ ಹೋಗುತ್ತದೆ. ಅಣೆಕಟ್ಟಿನಲ್ಲಿ ಚೌಕ ಚಿಕ್ಕದಾದಷ್ಟೂ ಉತ್ತರ ಒಂದು ಕಡೆ ಬಂದು ನಿಲ್ಲುತ್ತಿತ್ತು. ಇಲ್ಲಿ ನಿಲ್ಲುವ ಲಕ್ಷಣವೇ ಇಲ್ಲ.

ಮೆಶ್ ಹಾಕುವವರಿಗೆ ಈ ಕಿರಿಕಿರಿ ಚೆನ್ನಾಗಿ ಗೊತ್ತು. ನನ್ನ ಬ್ರಾಕೆಟ್ಟಿನ ಒಂದು ಒಳಮೂಲೆ ಚೂಪಾಗಿತ್ತು. ಅಲ್ಲಿ ಮೆಶ್ ಸಣ್ಣದು ಮಾಡಿದಷ್ಟೂ ಒತ್ತಡದ ಅಂಕಿ ಏರುತ್ತಲೇ ಹೋಯಿತು, ಎರಡು ದಿನ ತಲೆ ಕೆಡಿಸಿಕೊಂಡೆ. ಚೂಪು ಮೂಲೆಯಲ್ಲಿ, ಬಿರುಕಿನ ತುದಿಯಲ್ಲಿ, ಹಳೆಯ ಸಿದ್ಧಾಂತದ ಪ್ರಕಾರ ಒತ್ತಡಕ್ಕೆ ಮಿತಿಯೇ ಇಲ್ಲ. ಹಾಗಾಗಿ ಒತ್ತಡ ಎಷ್ಟು ಅಂತ ಕೇಳೋದೇ ತಪ್ಪು ಪ್ರಶ್ನೆ. ಬಿರುಕು ಒಂದಿಷ್ಟು ಮುಂದೆ ಹೋದರೆ ಎಷ್ಟು ಶಕ್ತಿ ಬಿಡುಗಡೆಯಾಗುತ್ತೆ, ಹೊಸ ಮೇಲ್ಮೈ ತೆರೆಯಲು ಎಷ್ಟು ಬೇಕು ಅಂತ ಕೇಳಬೇಕು. ಇದನ್ನು ಗಾಜಿನ ಮೇಲೆ ತೋರಿಸಿದವನು ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಸ್ಥೆಯಲ್ಲಿದ್ದ ಗ್ರಿಫಿತ್. ಆತನ ಪ್ರಬಂಧ ಅಚ್ಚಾಗಿದ್ದು 1921ರಲ್ಲಿ. ಅದರ ಹಿಂದಿನ ವರ್ಷವಷ್ಟೇ ವಾಯುಪಡೆಯ ಸಚಿವಾಲಯ ಬೇಡ ಅಂತ ರಿಚರ್ಡ್‌ಸನ್ ಎದ್ದು ಹೋಗಿದ್ದ.

ಯುದ್ಧದ ಲೆಕ್ಕಕ್ಕೆ ಪ್ರಕಾಶಕರು ಸಿಗದೆ ಮೈಕ್ರೊಫಿಲ್ಮಿನಲ್ಲಿ ಹೊರತಂದ ರಿಚರ್ಡ್‌ಸನ್ 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್ ಎಂಬ ಊರಿನಲ್ಲಿ ತೀರಿಕೊಂಡ. ಎರಡು ದೊಡ್ಡ ಪುಸ್ತಕಗಳು 1960ರಲ್ಲಿ, ಗಡಿಗಳ ಪ್ರಬಂಧ 1961ರಲ್ಲಿ, ಹೆಚ್ಚು ಜನ ಓದದ ಒಂದು ವಾರ್ಷಿಕದಲ್ಲಿ ಬಂದವು. ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞನ ಕಣ್ಣಿಗೆ ಅದು ಬಿದ್ದು, 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದ ಎಷ್ಟು ಅನ್ನುವ ಆತನ ಹೆಸರಾಂತ ಪ್ರಬಂಧಕ್ಕೆ ದಾರಿಯಾಯಿತು. ಫ್ರ್ಯಾಕ್ಟಲ್ ಎಂಬ ಮಾತು ಆಮೇಲೆ ಬಂದಿದ್ದು. 1984ರಲ್ಲಿ ಮ್ಯಾಂಡೆಲ್‌ಬ್ರಾಟ್ ಮತ್ತು ಇಬ್ಬರು ಸಂಗಡಿಗರು ಉಕ್ಕಿನ ತುಂಡುಗಳನ್ನು ಹೊಡೆದು ಮುರಿದು, ಮುರಿದ ಮೇಲ್ಮೈಯನ್ನು ಹೀಗೇ ಅಳೆದರು. ಅದೂ ಗಡಿಯ ಹಾಗೇ ಇತ್ತು, ಹೆಜ್ಜೆ ಚಿಕ್ಕದಾದಷ್ಟೂ ಮುರಿತದ ಗೆರೆ ಉದ್ದವಾಗುತ್ತಿತ್ತು. ಅವರು ಮುರಿದಿದ್ದು ಮರೇಜಿಂಗ್ ಎಂಬ ಜಾತಿಯ ಉಕ್ಕನ್ನು. ರಾಕೆಟ್ಟುಗಳ ಕವಚಕ್ಕೂ ಅದನ್ನು ಬಳಸುತ್ತಾರೆ.